ಸರ್ಕಾರಿ ಗುಳಿಗೆ, ಮನೆ ಗುಳಿಗೆ

ಬಾತಿಯಲ್ಲಿ ಬಸ್ಸು ಹತ್ತಿ ಕಂಡಕ್ಟರ್ ಚಿಲ್ಲರೆ ಕೊಡುವಷ್ಟರಲ್ಲಿ ದಾವಣಗೆರೆ. 1965ರಲ್ಲೇ ಮೆಡಿಕಲ್ ಕಾಲೇಜು ಕಂಡ ಊರು ಅದು. ಈಗ ಎರಡಿವೆ, ಹಲ್ಲಿನ ಕಾಲೇಜೂ ಎರಡು. ಬೆಣ್ಣೆ ದೋಸೆ ಹೋಟೆಲು ಹೆಚ್ಚೋ ಮೆಡಿಕಲ್ ಶಾಪು ಹೆಚ್ಚೋ ಅಂತ ನಾವು ಕಟ್ಟೆ ಮೇಲೆ ಕೂತು ಜಗಳಾಡುತ್ತೇವೆ. ಇಷ್ಟು ಡಾಕ್ಟರುಗಳ ನೆರಳಲ್ಲಿರುವ ಬಾತಿ ಕಡೆಯ ಒಂದು ಶಾಲೆಯಲ್ಲಿ ನರ್ಸ್ ಕೆಲಸ ಗಣಿತದ ಮೇಷ್ಟ್ರದು. ಲಸಾಅ ಮುಗಿಸಿ ಗುಳಿಗೆ ಹಂಚುತ್ತಾರೆ.

ಸರ್ಕಾರಿ ಗುಳಿಗೆಯ ವೈಭವ ನೋಡಬೇಕು. ಫೆಬ್ರವರಿ 10 ಬಂದರೆ ಜಂತುಹುಳು ಹಬ್ಬ, 2015ರಿಂದ ನಡೆದಿದೆ. 400 ಮಿಲಿಗ್ರಾಂ ಅಲ್ಬೆಂಡಜೋಲ್, ಅಗಿದು ನುಂಗಬೇಕು. ಕಬ್ಬಿಣದ ಗುಳಿಗೆ ವಾರಕ್ಕೊಂದು: ಸಣ್ಣವರಿಗೆ ಗುಲಾಬಿ, ಹತ್ತು ದಾಟಿದವರಿಗೆ ನೀಲಿ. ಬರೀ ಹೊಟ್ಟೆಯಲ್ಲಿ ಕೊಡುವಂತಿಲ್ಲ, ಬಿಸಿಯೂಟ ಆಗಿರಬೇಕು. ಮಕ್ಕಳಿಗೆ ಧೈರ್ಯ ಬರಲೆಂದು ಮೇಷ್ಟ್ರೂ ಒಂದು ನುಂಗಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಆಮೇಲೆ ರಿಜಿಸ್ಟರ್, ಫೋಟೋ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು. ಕೆಲವು ಮಕ್ಕಳು ನೀಲಿ ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು ಫೋಟೋಗೆ ನಕ್ಕು, ನೇರ ಬೇವಿನ ಗಿಡದ ಹಿಂದೆ ಹೋಗುತ್ತವೆ. ಬುಡದ ಮಣ್ಣಲ್ಲಿ ನೀಲಿ ಚುಕ್ಕೆ. ಆ ಗಿಡಕ್ಕೆ ರಕ್ತಹೀನತೆ ಇಲ್ಲ.

ಇನ್ನು ಮನೆಯಿಂದ ಬರುವ ಗುಳಿಗೆ. ಅದಕ್ಕೆ ಹಬ್ಬವಿಲ್ಲ, ಫೋಟೋ ಇಲ್ಲ. ಕ್ಯಾಲೆಂಡರ್ ಹಾಳೆಯ ಚೂರಲ್ಲಿ ಸುತ್ತಿ ಕಂಪಾಸ್ ಬಾಕ್ಸಿನಲ್ಲಿ ಬರುತ್ತದೆ. ಹೆಸರಿಲ್ಲ, ಅವಧಿ ಮುಗಿಯುವ ದಿನವಿಲ್ಲ, ಡಾಕ್ಟರ ಚೀಟಿಯಂತೂ ಇಲ್ಲವೇ ಇಲ್ಲ.

‘ಇದನ್ನ ನೀವೇ ಕೊಡಬಹುದಲ್ರೀ ಸರ?’ ಅಂದೆ.

‘ಏನಾರ ಆದ್ರ ಯಾರ್ರೀ ಹೊಣೆ?’ ಅಂದರು.

ಅವರದ್ದು ತಪ್ಪಲ್ಲ. ಡಾಕ್ಟರ ಚೀಟಿ, ಪಾಲಕರ ಸಹಿ, ಅಂಗಡಿಯಿಂದ ತಂದ ಪೊಟ್ಟಣ ಹಾಗೇ, ಕೊಟ್ಟ ಹೊತ್ತು ಬರೆದಿಡಲು ಒಂದು ಪುಸ್ತಕ. ಇಷ್ಟಿದ್ದರೆ ಅವರೂ ಕೊಟ್ಟಾರು. ಹಾಲಿಗೆ, ಮೊಟ್ಟೆಗೆ, ಶೂಗೆ, ಕೊನೆಗೆ ಬಂದುಹೋದವರಿಗೂ ಪುಸ್ತಕವಿದೆ. ಇದಕ್ಕೊಂದೇ ನೂರು ಪುಟದ ನೋಟ್‌ಬುಕ್ ಸಿಕ್ಕಿಲ್ಲ.

ಎಲ್ಲ ಕಡೆ ಹೀಗೇ ಅಲ್ಲ. ಪೇಟೆಯ ಒಂದು ದುಬಾರಿ ಶಾಲೆ ಬಹಳ ಸುರಕ್ಷಿತ. ಆಸ್ತಮಾ ಇದ್ದ ಹುಡುಗನ ಇನ್ಹೇಲರನ್ನು ಹೆಡ್‌ಮಿಸ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಉಸಿರು ಕಟ್ಟಿದ್ದು ಮೂರನೇ ಮಹಡಿಯಲ್ಲಿ, ಬೀರು ನೆಲಮಹಡಿಯಲ್ಲಿ, ಬೀಗದ ಕೈ ಮೀಟಿಂಗಿನಲ್ಲಿ. ಬೀಗ ಹಾಕಬೇಕಾದ ಔಷಧಿ ಬೇರೆ, ಮಗುವಿನ ಕೈಗೆಟುಕಬೇಕಾದದ್ದು ಬೇರೆ ಅಂತ ಅಪ್ಪ ಹೇಳಹೋದರೆ, ‘ಸ್ಕೂಲ್ ಪಾಲಿಸಿ’ ಅಂದರಂತೆ. ಸಕ್ಕರೆ ಕಾಯಿಲೆಯ ಮಕ್ಕಳು ಬೋರ್ಡ್ ಪರೀಕ್ಷೆಗೆ ತಿನ್ನಲು ಏನಾದರೂ ಒಯ್ಯಬಹುದು ಎಂದು ಸಿಬಿಎಸ್‌ಇ ಒಪ್ಪಲಿಕ್ಕೇ 2017 ಆಗಬೇಕಾಯಿತು. ಅಲ್ಲಿಯವರೆಗೆ ಗ್ಲೂಕೋಸ್ ಬಿಸ್ಕತ್ತೂ ಕಾಪಿ ಚೀಟಿಯೂ ಒಂದೇ ಜಾತಿ.

ಬಾತಿಯ ಶಾಲೆಗೆ ವಾಪಸ್ ಬರೋಣ. ಎರಡನೇ ಕ್ಲಾಸಿನ ಹುಡುಗನಿಗೆ ಫಿಟ್ಸ್, ಮಧ್ಯಾಹ್ನ ಒಂದು ಗುಳಿಗೆ. ಊಟದ ಗಂಟೆ ಹೊಡೆದ ಕೂಡಲೇ ಏಳನೇ ಕ್ಲಾಸಿನ ಅಕ್ಕ ತಟ್ಟೆ ಹಿಡಿದೇ ಓಡಿಬರುತ್ತಾಳೆ. ‘ಮೊದ್ಲು ಅನ್ನ ತಿನ್ನು’ ಅನ್ನುತ್ತಾಳೆ. ಆಮೇಲೆ ಕಾಗದ ಬಿಚ್ಚಿ ಗುಳಿಗೆ ಬಾಯಿಗಿಟ್ಟು, ನೀರು ಕುಡಿಸಿ, ‘ಆ ಅನ್ನು, ನಾಲಿಗಿ ಎತ್ತು’ ಅಂತ ಇಣುಕಿ ನೋಡುತ್ತಾಳೆ. ನೀಲಿ ಗುಳಿಗೆಯ ಫೋಟೋ ತೆಗೆಯುವವರು ಯಾರೂ ನಾಲಿಗೆ ಎತ್ತಿಸಿದ್ದನ್ನು ನಾನು ಕಂಡಿಲ್ಲ. ಕೈಯನ್ನು ಲಂಗಕ್ಕೆ ಒರೆಸಿಕೊಂಡು ತನ್ನ ಊಟಕ್ಕೆ ಹೋಗುತ್ತಾಳೆ. ಅಷ್ಟೊತ್ತಿಗೆ ಸಾರು ತಣ್ಣಗಾಗಿರುತ್ತದೆ.

ಬರುವ ಜೂನಿಗೆ ಅವಳು ಹೈಸ್ಕೂಲಿಗೆ.