ಫೈಟರ್ ಸಾಕಿದ ಓನರು

ಕೆಳಗೆ ತಾವಿದ್ದು ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿರುವ ಬೆಂಗಳೂರಿನ ಓನರುಗಳಲ್ಲಿ ಕೆಲವರಿಗೆ ರಿಟೈರ್ ಆದ ಮೇಲೆ ಮೀನಿನ ಹುಚ್ಚು ಹತ್ತಿಕೊಳ್ಳುತ್ತದೆ. ನಾಯಿಯಾದರೆ ದಿನಾ ಬೀದಿ ಸುತ್ತಿಸಬೇಕು. ಗಿಳಿ ಸಾಕಿದರೆ ಅರಣ್ಯ ಇಲಾಖೆಯವರು ಬಾಗಿಲಿಗೆ ಬರುತ್ತಾರೆ. ಮೀನು ಬೊಗಳುವುದಿಲ್ಲ, ನೆಂಟರನ್ನು ಕರೆಸುವುದಿಲ್ಲ, ಟೆರೇಸಿನಲ್ಲಿ ಬಟ್ಟೆ ಒಣಹಾಕುವುದಿಲ್ಲ. ಅದರಲ್ಲೂ ಇವರಿಗೆ ಮೆಚ್ಚಿಗೆಯಾಗುವುದು ಬೆಟ್ಟಾ, ಅಂಗಡಿಯವರ ಬಾಯಲ್ಲಿ ಬರೀ ‘ಫೈಟರ್’. ತೊಟ್ಟಿಗೆ ಒಂದೇ ಗಂಡು, ಇಡೀ ತೊಟ್ಟಿ ತನ್ನ ಅಪ್ಪನದು ಎಂಬ ಠೀವಿ. ಓನರಿಗೂ ಫೈಟರಿಗೂ ಪರಸ್ಪರ ನೋಡಿದ ಕೂಡಲೇ ಹಿಡಿಸಿಬಿಡುತ್ತದೆ.

ಬಾತ್‌ರೂಮಿನ ನಲ್ಲಿ ಸೋರುತ್ತಿದೆ ಎಂದು ಹೇಳಲು ಇಳಿದುಬಂದ ಬಾಡಿಗೆದಾರನನ್ನು ಓನರು ತೊಟ್ಟಿಯ ಮುಂದೆ ನಿಲ್ಲಿಸಿಕೊಳ್ಳುತ್ತಾರೆ. “ಇದು ಥಾಯ್ಲೆಂಡಿನ ರಾಷ್ಟ್ರೀಯ ಜಲಚರ ಕಣ್ರೀ, 2019ರಲ್ಲೇ ಘೋಷಣೆ ಆಗಿದೆ. ಕಿವಿರು ಸಾಲದು ಅಂತ ಮೇಲೆ ಬಂದು ಗಾಳಿನೂ ಎಳ್ಕೊಳ್ಳುತ್ತೆ.” ಆಮೇಲೆ ಕನ್ನಡಿ ಹಿಡಿಯುತ್ತಾರೆ. ಮೀನು ಕಿವಿರಿನ ಮುಚ್ಚಳ ಅಗಲಿಸಿ, ಕತ್ತಿನಡಿ ಗಡ್ಡದಂಥದ್ದೊಂದನ್ನು ಕೆದರಿ, ರೆಕ್ಕೆ ಸೆಟೆಸಿ, ಇದ್ದ ಮೈಯನ್ನು ಎರಡರಷ್ಟು ಮಾಡಿಕೊಳ್ಳುತ್ತದೆ. ಗೇಟಿನ ಮುಂದೆ ಯಾರೋ ಸ್ಕೂಟರ್ ನಿಲ್ಲಿಸಿದಾಗ ಓನರ ಮುಖ ಕಂಡವರಿಗೆ ಈ ದೃಶ್ಯ ಹೊಸದೇನಲ್ಲ. ನಲ್ಲಿಯ ವಿಷಯ ಮುಂದಿನ ವಾರಕ್ಕೆ ಹೋಗುತ್ತದೆ.

“ಪಾಪ, ಒಂಟಿ” ಎಂದು ಮನೆಯಾಕೆ ಅಂದದ್ದೇ ತಡ, 60 ಲೀಟರಿನ ಹೊಸ ತೊಟ್ಟಿ ಬರುತ್ತದೆ. ಇನ್ನು ಜೊತೆಗಾರರ ಹುಡುಕಾಟ. ಇದರಲ್ಲಿ ಓನರ ಅನುಭವ ಸಾಮಾನ್ಯದ್ದಲ್ಲ. ಇಪ್ಪತ್ತು ವರ್ಷದಿಂದ ಮನೆ ಬಾಡಿಗೆಗೆ ಕೊಟ್ಟವರು.

ಗಪ್ಪಿ ಮೊದಲನೇ ಸುತ್ತಿನಲ್ಲೇ ಔಟ್: “ಆ ಬಾಲ, ಆ ಬಣ್ಣ! ಇನ್ನೊಂದು ಗಂಡು ಬಂತು ಅಂತ ನಮ್ಮೋನು ಹರಿದುಹಾಕ್ತಾನೆ.” ಟೈಗರ್ ಬಾರ್ಬ್ ಕಂಡರೆ ಮೈ ಉರಿ: “ಥೇಟ್ ಬ್ಯಾಚುಲರ್ಸ್. ಗುಂಪು ಕಟ್ಕೊಂಡು ಬರ್ತಾವೆ, ಮಾಡೋಕೆ ಕೆಲಸ ಇಲ್ಲದೆ ಕಂಡವರ ರೆಕ್ಕೆ ಕಚ್ತಾವೆ.” ಗೋಲ್ಡ್‌ಫಿಶ್‌ಗೆ ತಣ್ಣೀರೇ ಹಿತ, ಗಲೀಜೂ ಜಾಸ್ತಿ. ಸೀಗಡಿ ಹಾಕಿದರೆ ಅದು ಜೊತೆಗಾರನಲ್ಲ, ಊಟ.

ಪಾಸಾಗುವುದು ಕೋರಿಡೋರಸ್. ತಳದಲ್ಲಿ ತನ್ನ ಪಾಡಿಗೆ ತಾನು ಕೆದಕುತ್ತಾ ಇರುತ್ತದೆ, ಫೈಟರಿನ ತಂಟೆಗೆ ಬರುವುದಿಲ್ಲ. ಒಂದೊಂದೇ ತಂದರೆ ಹೆದರಿ ಮೂಲೆ ಸೇರುತ್ತದೆ, ಕನಿಷ್ಠ ಆರಾದರೂ ಬೇಕು. ಮೇಲಿನ ಮನೆಗೆ “ನಾಲ್ಕು ಜನದ ಮೇಲೆ ಒಬ್ಬರೂ ಇರಕೂಡದು” ಎಂದು ಅಗ್ರಿಮೆಂಟಿನಲ್ಲಿ ಬರೆಸಿದ ಇದೇ ಓನರು ಇಲ್ಲಿ ಆರಕ್ಕೆ ಖುಷಿಯಿಂದ ಒಪ್ಪುತ್ತಾರೆ. ಒರಟು ಜಲ್ಲಿಗೆ ಅವುಗಳ ಮೀಸೆ ಸವೆಯುತ್ತದೆಂದು ನಯವಾದ ಮರಳು ತರಿಸಿ, ಏಳೆಂಟು ನೀರು ತೊಳೆದು, ಕೈಯಾರೆ ಹರಡುತ್ತಾರೆ. ಮೇಲೆ ಬಾತ್‌ರೂಮಿನ ಟೈಲ್ಸ್ ಒಡೆದು ವರ್ಷವಾಯಿತು, ಅದಿರಲಿ.

ಆದರೆ ಓನರ ಕಣ್ಣು ಹನಿಗೂಡುವುದು ನೆರೈಟ್ ಬಸವನಹುಳು ಕಂಡಾಗ. “ಗೋಡೆ ಪಾಚಿ ತಾನೇ ಕ್ಲೀನ್ ಮಾಡುತ್ತೆ. ಸದ್ದಿಲ್ಲ, ಸುದ್ದಿಯಿಲ್ಲ. ಮೊಟ್ಟೆ ಇಟ್ರೂ ಸಿಹಿನೀರಲ್ಲಿ ಮರಿ ಬೆಳೆಯಲ್ಲ, ಅಂದ್ಮೇಲೆ ಸಂಸಾರ ಹೆಚ್ಚೋ ಮಾತೇ ಇಲ್ಲ. ಇಂಥೋರು ಮನುಷ್ಯರಲ್ಲಿ ಎಲ್ಲಿ ಸಿಕ್ತಾರೆ ಹೇಳಿ?”

ಗೃಹಪ್ರವೇಶಕ್ಕೂ ಕ್ರಮವುಂಟು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರಲು ಕೆಲವು ವಾರ ಕಾಯಬೇಕು. ಓನರು ಟೆಸ್ಟ್ ಕಿಟ್ ಹಿಡಿದು ತಪಸ್ಸಿನಂತೆ ಕಾಯುತ್ತಾರೆ. ಜೊತೆಗಾರರನ್ನು ಮೊದಲು ಬಿಟ್ಟು ಫೈಟರನ್ನು ಕೊನೆಗೆ ಇಳಿಸುತ್ತಾರೆ. ಅದು ಮೊದಲೇ ಠಿಕಾಣಿ ಹೂಡಿದ್ದರೆ, ಗಿಡ ಕಲ್ಲುಗಳ ಜಾಗ ಬದಲಾಯಿಸಿ ಮತ್ತೆ ಬಿಡುವುದುಂಟು. “ಇದು ತನ್ನದೇ ಮನೆ ಅನ್ನೋದು ಅದಕ್ಕೆ ಮರೆತುಹೋಗಬೇಕು, ಆಗ್ಲೇ ಜಗಳ ಕಮ್ಮಿ” ಎಂದು ವಿವರಿಸುತ್ತಾರೆ. ಒಳಗೆ ಬೇಳೆ ಆರಿಸುತ್ತಿದ್ದ ಮನೆಯಾಕೆ ಕೆಮ್ಮುತ್ತಾರೆ.

ಡಿಸೆಂಬರಿನಲ್ಲಿ ಓನರು ಮಗಳ ಮನೆಗೆ ಹೊರಟರೆ ಮೀನಿನ ಹೊಣೆ ಮೇಲಿನ ಮನೆಯವನಿಗೆ. ಕೈಬರಹದ ಚೀಟಿ ಕೊಡುತ್ತಾರೆ: ಫೈಟರಿಗೆ ಬೆಳಗ್ಗೆ ಎರಡು ಕಾಳು, ಸಂಜೆ ಎರಡು, ಮೇಲಕ್ಕೊಂದೂ ಬೇಡ. ಕೋರಿಗಳಿಗೆ ಮುಳುಗುವ ತಿಂಡಿ, ದೀಪ ಆರಿಸಿದ ಮೇಲೆ. ನೀರು 26 ಡಿಗ್ರಿಗಿಂತ ಕೆಳಗೆ ಇಳಿಯಕೂಡದು, ಹೀಟರ್ ಹಗಲೂ ರಾತ್ರಿ ಉರಿಯಲಿ, ಕರೆಂಟಿನ ಬಗ್ಗೆ ಯೋಚನೆ ಬೇಡ, ವೈರ್ ನಿಮ್ಮ ಮೀಟರಿನಿಂದಲೇ ಎಳೆಸಿದ್ದೇನೆ.