ಶೇರ್ಡ್ ಕೋಡ್ ಭೇದ ನಿರೂಪಣಂ

ಹಲವು ಪ್ರಾಜೆಕ್ಟುಗಳಿಗೆ ಬೇಕಾಗಿಯೂ ಯಾರೊಬ್ಬರೂ ತಮ್ಮದೆಂದು ಒಪ್ಪಿಕೊಳ್ಳದ ಕೋಡೇ ಶೇರ್ಡ್ ಕೋಡ್. ಇದು ಲಕ್ಷಣ. ಅದನ್ನು ಎಲ್ಲಿಟ್ಟಿದ್ದಾರೆಂದು ನೋಡಿ ವಿಂಗಡಿಸುವುದು ಪಾಮರರ ಕ್ರಮ. ಅದು ಬದಲಾದಾಗ ಯಾರ ನಿದ್ದೆ ಕೆಡುತ್ತದೆಂದು ನೋಡಿ ವಿಂಗಡಿಸುವುದೇ ಶಾಸ್ತ್ರಸಮ್ಮತ. ಈ ಪ್ರಕಾರ ಭೇದಗಳು ನಾಲ್ಕು.

ಒಂದು, ನಕಲು. ಇದನ್ನು ಹೊಸಬರ ಚಾಳಿಯೆಂದು ಹಳಿಯುವವರಿಗೆ ಪರಂಪರೆಯ ಜ್ಞಾನ ಸಾಲದು. 1949ರಲ್ಲಿ ಓಡಲಾರಂಭಿಸಿದ ಕೇಂಬ್ರಿಜ್‌ನ ಎಡ್ಸ್ಯಾಕ್ ಕಂಪ್ಯೂಟರಿಗೆ ಡೇವಿಡ್ ವೀಲರ್ ಮತ್ತು ಸಂಗಡಿಗರು ಸಬ್‌ರೂಟೀನ್ ಲೈಬ್ರರಿ ಕಟ್ಟಿದರು. ಅದು ತೂತು ಕೊರೆದ ಕಾಗದದ ಪಟ್ಟಿಗಳ ಸಂಗ್ರಹ. ಬೇಕಾದವರು ಅದರಿಂದ ತಮ್ಮ ಪ್ರೋಗ್ರಾಮಿನ ಪಟ್ಟಿಗೆ ನಕಲಿಳಿಸಿಕೊಳ್ಳುತ್ತಿದ್ದರು. ಹಾಗಾಗಿ ನಕಲೇ ಮೂಲಪುರುಷ. ಒಂದು ಪ್ರತಿಯ ತಪ್ಪನ್ನು ತಿದ್ದಿದವನು ಸುಖವಾಗಿ ಮಲಗುತ್ತಾನೆ. ಕೆಡುವುದು ಉಳಿದ ಪ್ರತಿಗಳನ್ನು ಇಟ್ಟುಕೊಂಡವರ ನಿದ್ದೆ.

ಎರಡು, ಸಬ್‌ಮಾಡ್ಯೂಲ್. ಇಲ್ಲಿ ಗಿಟ್ ಕೋಡನ್ನು ಇಡುವುದಿಲ್ಲ, ಯಾವ ಕಮಿಟ್ ಎಂಬ ಗುರುತನ್ನಷ್ಟೇ ಇಡುತ್ತದೆ. ಸುಮ್ಮನೆ ಕ್ಲೋನ್ ಮಾಡಿದವರಿಗೆ ಖಾಲಿ ಫೋಲ್ಡರ್ ಪ್ರಾಪ್ತಿ. ನಿದ್ದೆ ಕೆಡುವುದು ನಿನ್ನೆ ಕೆಲಸಕ್ಕೆ ಸೇರಿದವರದು.

ಮೂರು, ಪ್ಯಾಕೇಜ್. ಇದರ ಹಣೆಯಲ್ಲಿ ಮೂರು ಅಂಕಿಗಳಿರುತ್ತವೆ: ಹಳೆಯದನ್ನು ಮುರಿದರೆ ಮೊದಲನೆಯದು, ಹೊಸದನ್ನು ಸೇರಿಸಿದರೆ ಎರಡನೆಯದು, ದೋಷ ತಿದ್ದಿದರೆ ಮೂರನೆಯದು ಏರಬೇಕು. ಏರಿಸುವವರು ಮನುಷ್ಯರಾದ್ದರಿಂದ ಇದನ್ನು ಪ್ರಮಾಣವೆನ್ನದೆ ಪ್ರತಿಜ್ಞೆಯೆನ್ನುವುದು ಮೇಲು. ಉಪಭೇದ ಎರಡು: ವರ್ಷನ್ ಪಿನ್ ಮಾಡಿದ್ದು ಹಳಸುತ್ತದೆ, ಮಾಡದ್ದು ಹಠಾತ್ತನೆ ಮುರಿಯುತ್ತದೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃವೇ ಎನ್‌ಪಿಎಂನಿಂದ ತೆಗೆದುಹಾಕಿದಾಗ, ಅದರ ಹೆಸರನ್ನೇ ಕೇಳಿರದವರ ಬಿಲ್ಡುಗಳೂ ನಿಂತವು. ಇಲ್ಲಿ ನಿದ್ದೆ ಕೆಡುವುದು ಅಪರಿಚಿತರದು.

ನಾಲ್ಕು, ಮೊನೊರೆಪೊ. ಎಲ್ಲವೂ ಒಂದೇ ಸೂರಿನಡಿ. 2016ರಲ್ಲಿ ಪ್ರಕಟವಾದ ಲೇಖನವೊಂದರ ಪ್ರಕಾರ ಗೂಗಲ್‌ನ ಇಂಥ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲುಗಳಿದ್ದವು. ಲೈಬ್ರರಿಯನ್ನು ಬದಲಿಸಿದವರೇ ಬಳಕೆದಾರರ ಕೋಡನ್ನೂ ಸರಿಮಾಡಬಹುದು. ಆದ್ದರಿಂದ ಬದಲಿಸಿದವರದೇ ಜಾಗರಣೆ. ನ್ಯಾಯಕ್ಕೆ ಇದೇ ಹತ್ತಿರ, ಆದರೆ ಅದಕ್ಕೆ ತಕ್ಕ ಸಲಕರಣೆ ಕಟ್ಟಲು ಗೂಗಲ್ಲೇ ಆಗಬೇಕು.

ಪೂರ್ವಪಕ್ಷ: 'ಯುಟಿಲ್ಸ್' ಎಂಬ ಫೋಲ್ಡರ್ ಐದನೆಯ ಭೇದವಲ್ಲವೇ? ಅಲ್ಲ. ಅದು ಭೇದವಲ್ಲ, ದೋಷ, ನಾಲ್ಕಕ್ಕೂ ತಗಲುತ್ತದೆ. ದಿನಾಂಕ ಜೋಡಿಸುವ ಫಂಕ್ಷನ್ನಿನ ಪಕ್ಕದಲ್ಲೇ ತೆರಿಗೆ ಲೆಕ್ಕವೂ ಕೂತಿದ್ದರೆ ರೋಗ ಬಲಿತಿದೆಯೆಂದು ತಿಳಿಯಬೇಕು.

ಸಿದ್ಧಾಂತ: ಕೋಡನ್ನು ಹಂಚುವ ಮೊದಲು ಜಾಗರಣೆ ಮಾಡುವವರ ಹೆಸರನ್ನು ಬರೆದಿಡತಕ್ಕದ್ದು. ಹೆಸರು ಸಿಗದಿದ್ದರೆ ನಕಲೇ ವಿಹಿತ.