ಹೊನಲು ಬೆಳಕಿನ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲಿಗೇ ನಾಲ್ಕು ಸಂಗತಿ ಹೇಳಿಬಿಡಬೇಕೆಂದು ಹಿಂದಿನವರು ಕಟ್ಟಪ್ಪಣೆ ಮಾಡಿದ್ದಾರೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದ ವಿಷಯ, ಮಂದ ಬೆಳಕಿನಲ್ಲಿ ಆಟವನ್ನೂ ಉತ್ಸವವನ್ನೂ ಹಿಡಿಯಲು ಎಂಥ ಕ್ಯಾಮೆರಾ ಬಾಡಿ ಕೊಳ್ಳಬೇಕೆಂಬುದು. ಪ್ರಯೋಜನ, ಕೊಂಡುತಂದ ಮೇಲೆ ಮನೆಯವರ ಮುಂದೆ ಒಪ್ಪಿಸಲು ಒಂದು ಸಮರ್ಥನೆ. ಸಂಬಂಧ, ಮಾಸಿಕ ಕಂತು. ಇನ್ನು ಅಧಿಕಾರಿ ಯಾರು? ಕೊಯಮತ್ತೂರು ಜಿಲ್ಲೆಯ ಮದುಕ್ಕರೈ ಸೀಮೆಯಲ್ಲಿದ್ದುಕೊಂಡು, ಮನೆಯೊಳಗೆ ಕನ್ನಡವನ್ನೂ ಹೊಸ್ತಿಲಾಚೆ ತಮಿಳನ್ನೂ ಆಡುತ್ತ, ಕಬಡ್ಡಿ ಕಮಿಟಿಯವರು ‘ತಂಬೀ, ನಾಲ್ಕು ಫೋಟೋ ಹೊಡೆದುಕೊಡಪ್ಪಾ’ ಎಂದಾಗ ದುಡ್ಡಿನ ಮಾತೆತ್ತಲು ನಾಚುವವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಅಡ್ವಾನ್ಸ್ ಕೇಳುವವನಿಗೆ ಶಾಸ್ತ್ರ ಬೇಕಾಗಿಲ್ಲ. ಅವನು ಆಗಲೇ ಮುಕ್ತ.

ದೇಶನಿರ್ಣಯವನ್ನು ಬೇಗ ಮುಗಿಸೋಣ. ಮದುಕ್ಕರೈ ಎಂಬುದು 1934ರಿಂದ ಸಿಮೆಂಟ್ ಕಾರ್ಖಾನೆ ಇರುವ ಸುಣ್ಣಕಲ್ಲಿನ ಊರು. ಪಶ್ಚಿಮ ಘಟ್ಟ ಇಲ್ಲಿ ಬಾಯಿ ಬಿಟ್ಟುಕೊಂಡಿದೆ. ಆ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಗಾಳಿಗೆ ಮುಂಗಾರಿನ ತಿಂಗಳುಗಳಲ್ಲಿ ಪೆಂಡಾಲು ನಿಲ್ಲುವುದೂ ಕಷ್ಟ. ಇದೇ ಕೊಯಮತ್ತೂರು ಸೀಮೆಯಲ್ಲಿ ಕನ್ನಡದ ದೇವಾಂಗರೂ ಒಕ್ಕಲಿಗರೂ ತಲೆಮಾರುಗಳಿಂದ ಇದ್ದಾರೆ. ವಿಜಯದಶಮಿಯ ದಿನ ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಅಮ್ಮನವರನ್ನು ದೇವಾಂಗರ ಹುಡುಗರು ಮೈಮೇಲೆ ಕತ್ತಿ ಹಾಕಿಕೊಳ್ಳುತ್ತ ಕರೆತರುವ ಮೆರವಣಿಗೆ ಹಗಲಿನದು. ಅಲ್ಲಿ ಛಾಯಾಗ್ರಾಹಕನಿಗೆ ಬೇಕಾದದ್ದು ಬೆಳಕಲ್ಲ, ಗಟ್ಟಿ ಎದೆ. ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಕಾರುಗಳು ಓಡುವುದೂ ಬಿಸಿಲಲ್ಲೇ. ಇವೆರಡನ್ನೂ ಈ ಗ್ರಂಥ ನಮಸ್ಕಾರ ಹೇಳಿ ದಾಟುತ್ತದೆ. ನಮ್ಮ ಕ್ಷೇತ್ರ ಎರಡೇ: ಊರ ಹಬ್ಬದ ಹೊನಲು ಬೆಳಕಿನ ಕಬಡ್ಡಿ, ಮತ್ತು ದೇವಸ್ಥಾನದ ಬಯಲಿನಲ್ಲಿ ಒಂದೇ ಬಣ್ಣದ ಸೀರೆಯುಟ್ಟ ಹೆಂಗಸರು ಸುತ್ತು ಸುತ್ತಾಗಿ ಕುಣಿಯುವ ವಳ್ಳಿ ಕುಮ್ಮಿ.

ಈಗ ಮೂಲಪ್ರಶ್ನೆ. ಕತ್ತಲೆ ಎಂದರೇನು?

ನೈಯಾಯಿಕರು, ವೈಶೇಷಿಕರು ಹೇಳುವುದು: ಕತ್ತಲೆ ಎಂಬ ವಸ್ತುವೇ ಇಲ್ಲ, ಅದು ಬೆಳಕಿನ ಅಭಾವ. ಕುಮಾರಿಲ ಭಟ್ಟರ ಕಡೆಯ ಮೀಮಾಂಸಕರು ಒಪ್ಪುವುದಿಲ್ಲ. ಕತ್ತಲೆಗೆ ಬಣ್ಣವಿದೆ, ಚಲನೆಯಿದೆ. ಗುಣವೂ ಕ್ರಿಯೆಯೂ ಇದ್ದಮೇಲೆ ಅದು ದ್ರವ್ಯವಾಗದೆ ಇನ್ನೇನು ಎಂಬುದು ಅವರ ವಾದ. ನೂರಾರು ವರ್ಷ ಎಳೆದಾಡಿದ ಈ ಜಗಳವನ್ನು ಮದುಕ್ಕರೈಯ ಕಬಡ್ಡಿ ಅಂಗಳದಲ್ಲಿ ಒಂದೇ ಕ್ಲಿಕ್ಕಿಗೆ ಬಗೆಹರಿಸಬಹುದು. ಐಎಸ್‌ಒ 25,600ಕ್ಕೆ ಏರಿಸಿ, ಒಂದು ಫೋಟೋ ತೆಗೆದು, ಹಿಂದಿನ ಪರದೆಯಲ್ಲಿ ಹಿಗ್ಗಿಸಿ ನೋಡಿ. ಕತ್ತಲೆಗೆ ಬಣ್ಣವಿರುವುದು ನಿಚ್ಚಳ: ಅಲ್ಲಲ್ಲಿ ನೇರಳೆ, ಅಲ್ಲಲ್ಲಿ ಪಾಚಿಹಸುರು. ಒಂದರ ಹಿಂದೊಂದು ಎರಡು ಫ್ರೇಮು ನೋಡಿದರೆ ಆ ಚುಕ್ಕೆಗಳು ಜಾಗವನ್ನೂ ಬದಲಿಸಿರುತ್ತವೆ. ಬಣ್ಣ ಸಿದ್ಧ, ಚಲನೆ ಸಿದ್ಧ. ಗೆದ್ದವರು ಭಾಟ್ಟರೇ. ಆಚಾರ್ಯರ ಹತ್ತಿರ ಸೆನ್ಸರ್ ಇರಲಿಲ್ಲವೆಂಬುದನ್ನು ನೆನೆದರೆ ಅವರ ಪ್ರತಿಭೆಗೆ ಕೈ ಮುಗಿಯಬೇಕು.

ಆದರೂ ಪ್ರತಿವಾದಿಯ ಮಾತಿಗೆ ಕಿವಿ ಮುಚ್ಚಬಾರದು. ಬೆಳಕು ಹನಿಹನಿಯಾಗಿ, ಕಣಗಳಾಗಿ ಬೀಳುತ್ತದೆ. ಸೆನ್ಸರಿನ ಒಂದು ಚುಕ್ಕೆಗೆ 10,000 ಕಣ ಬಿದ್ದರೆ ಏರುಪೇರು ಸುಮಾರು 100, ಅಂದರೆ ನೂರಕ್ಕೆ ಒಂದು. ಬರೀ 100 ಕಣ ಬಿದ್ದರೆ ಏರುಪೇರು 10, ಅಂದರೆ ನೂರಕ್ಕೆ ಹತ್ತು. ಚಿತ್ರದಲ್ಲಿ ಕಾಣುವ ಮರಳು ಬಹುಪಾಲು ಇದೇ. ಐಎಸ್‌ಒ ಏರಿಸಿದರೆ ಬೆಳಕು ಹುಟ್ಟುವುದಿಲ್ಲ. ಮೆಲುದನಿಯ ಹಾಡುಗಾರನಿಗೆ ಮೈಕ್‌ಸೆಟ್ಟಿನ ವಾಲ್ಯೂಮ್ ತಿರುಗಿಸಿದ ಹಾಗೆ, ಅವನ ದನಿಯ ಜೊತೆ ಗೊರಗೊರವೂ ದೊಡ್ಡದಾಗುತ್ತದೆ. ಈ ಸತ್ಯ ತಿಳಿದೂ 2016ರ ನಿಕಾನ್ ಡಿ5ರ ಮೇಲೆ ಐಎಸ್‌ಒ 32,80,000 ಎಂದು ಅಚ್ಚು ಹಾಕಿದರು. ಆ ಸಂಖ್ಯೆಯಲ್ಲಿ ತೆಗೆದ ಚಿತ್ರದಲ್ಲಿ ಭಾಟ್ಟಮತ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಅಂಗಳದ ಲೆಕ್ಕ ಹೀಗೆ. ನಡು ಬಿಸಿಲಲ್ಲಿ ಐಎಸ್‌ಒ 100, ಎಫ್/8, ಸೆಕೆಂಡಿನ 500ನೇ ಒಂದು ಭಾಗ ಇಟ್ಟರೆ ಸಾಕು. ಊರ ಕಬಡ್ಡಿಯ ದೀಪಗಳಡಿ ಅದೇ ಶಟರಿಗೆ ಎಫ್/2.8 ತೆರೆದು ಐಎಸ್‌ಒ 6,400ಕ್ಕೆ ಹೋಗಬೇಕಾಗುತ್ತದೆ. ಅಂದರೆ ಒಂಬತ್ತು ಸ್ಟಾಪು, ಒಂಬತ್ತು ಸಲ ಅರ್ಧರ್ಧ. ಬಿಸಿಲಿನ 512 ಪಾಲಿನಲ್ಲಿ ಒಂದು ಪಾಲು. ಶಟರನ್ನು ಇಳಿಸಿದರಾಗದೇ ಎಂದು ಪೂರ್ವಪಕ್ಷಿ ಕೇಳಬಹುದು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಗೊತ್ತು. ಆ ವೇಗಕ್ಕೆ 100ನೇ ಒಂದು ಸೆಕೆಂಡಿನಲ್ಲಿ ಮನುಷ್ಯ ಹತ್ತು ಸೆಂಟಿಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. ಚಿತ್ರದಲ್ಲಿ ಕೋಣವೂ ಗೌಡರೂ ಒಂದೇ ಸಾರು. 500ನೇ ಒಂದಕ್ಕೆ ಅದು ಎರಡು ಸೆಂಟಿಮೀಟರಿಗೆ ಇಳಿಯುತ್ತದೆ. ರೈಡಿಗೆ ಬಂದವನ ಕಾಲು ಹಿಡಿಯುವ ಕೈ ಅಷ್ಟು ವೇಗದ್ದಲ್ಲದಿದ್ದರೂ ಕೈಬೆರಳು ಐದಾಗಿಯೇ ಕಾಣಬೇಕೆಂದು ಕಮಿಟಿಯ ಹಟ.

ಇಲ್ಲಿಂದ ಮುಂದೆ ಮತಭೇದ ಜೋರು. ಚಾರ್ವಾಕರು ದೇಹವೇ ಎಲ್ಲ ಅನ್ನುತ್ತಾರೆ: ಬಾಡಿ ಹೊಸದಿರಲಿ, ದೊಡ್ಡದಿರಲಿ, ಸಾಲ ಮಾಡಿಯಾದರೂ ಕೊಳ್ಳಲಿ. ಸಾಲದ ವಿಷಯದಲ್ಲಿ ಚಾರ್ವಾಕರ ಮಾತು ಊರಿಗೇ ಪರಿಚಿತ. ಆತ್ಮವಾದಿಗಳ ಪ್ರಕಾರ ಲೆನ್ಸೇ ಆತ್ಮ. ಬಾಡಿ ಹಳತಾಗಿ ಬಿದ್ದುಹೋದರೂ ಲೆನ್ಸು ಇನ್ನೊಂದನ್ನು ಹೊಕ್ಕು ಮುಂದುವರಿಯುತ್ತದೆ. 1959ರ ಎಫ್ ಮೌಂಟಿನಲ್ಲಿ ಹುಟ್ಟಿದ ನಿಕಾನ್ ಲೆನ್ಸಿನ ಜೀವ 2018ರಲ್ಲಿ ಅಡಾಪ್ಟರ್ ಎಂಬ ಸೂಕ್ಷ್ಮಶರೀರದ ಮೂಲಕ ಝಡ್ ಮೌಂಟಿಗೆ ದಾಟಿಕೊಂಡದ್ದೇ ಪುನರ್ಜನ್ಮಕ್ಕೆ ಸಾಕ್ಷಿ. ಕ್ಯಾನನ್ 1987ರಲ್ಲಿ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್‌ಗೆ ಹೋದಾಗ ಹಳೆಯ ಲೆನ್ಸುಗಳೆಲ್ಲ ದೇಹವಿಲ್ಲದೆ ಪ್ರೇತಗಳಂತೆ ಬೀರುಗಳಲ್ಲಿ ಅಲೆದವು. ಮಿರರ್‌ಲೆಸ್ ಯುಗ ಬಂದ ಮೇಲೆ ತೆಳುವಾದೊಂದು ಬಳೆ ತೊಡಿಸಿ ಅವಕ್ಕೂ ಸದ್ಗತಿ ಕಾಣಿಸಿದರು. ಫೋಕಸ್ ಮಾತ್ರ ಇನ್ನೂ ಕೈಯಲ್ಲೇ ತಿರುಗಿಸಬೇಕು. ಅದು ಪ್ರಾರಬ್ಧ, ಅನುಭವಿಸಿಯೇ ತೀರಬೇಕು.

ವಾದವನ್ನು ಅಂಕಿಗೆ ಇಳಿಸಿದರೆ ಆತ್ಮವಾದಿಯ ಕೈ ಮೇಲು. ಫುಲ್ ಫ್ರೇಮ್ ಸೆನ್ಸರ್ 36 × 24 ಮಿಲಿಮೀಟರು, ಎಪಿಎಸ್-ಸಿ ಸುಮಾರು 23.5 × 15.6. ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟಿಗೂ ಚೂರು ಹೆಚ್ಚು. ಲಾಭ ಒಂದು ಸ್ಟಾಪು, ಮೇಲೊಂದಿಷ್ಟು ಚಿಲ್ಲರೆ. ಅದೇ, ಬಾಡಿಯ ಜೊತೆ ಡಬ್ಬದಲ್ಲಿ ಬರುವ ಎಫ್/5.6ರ ಝೂಮನ್ನು ಬಿಚ್ಚಿಟ್ಟು ಎಫ್/2.8ರದನ್ನು ಹಾಕಿದರೆ ಬೆಳಕು ನಾಲ್ಕು ಪಟ್ಟು. 85 ಮಿ.ಮೀ. ಎಫ್/1.8ರ ಸಾಧಾರಣ ಲೆನ್ಸಾದರೆ ಇನ್ನೂ ಒಂದು ಸ್ಟಾಪಿನ ಮೇಲೆ. ಕಬಡ್ಡಿ ಅಂಗಳ 13 × 10 ಮೀಟರಿನದು. ಹತ್ತು ಮೀಟರು ದೂರದಿಂದ 85ರ ಲೆನ್ಸು ಫುಲ್ ಫ್ರೇಮಿನಲ್ಲಿ ನಾಲ್ಕು ಮೀಟರು ಅಗಲವನ್ನು ಹಿಡಿಯುತ್ತದೆ. ರೈಡರು, ಅವನ ಕಾಲಿಗೆ ಬಿದ್ದವನು, ಸೊಂಟಕ್ಕೆ ಬಿದ್ದವನು, ಮೂವರೂ ಬರುತ್ತಾರೆ. ರೆಫ್ರಿಯ ಹೊಟ್ಟೆ ಹೇಗೂ ಬರುತ್ತದೆ, ಅದಕ್ಕೆ ಯಾವ ಲೆನ್ಸಾದರೂ ಸರಿ.

ಹಾಗಾದರೆ ಬಾಡಿಯಿಂದ ಪ್ರಯೋಜನವೇ ಇಲ್ಲವೆ? ಇದೆ, ಅದು ಫೋಕಸ್. ಇತ್ತೀಚಿನ ಹತ್ತು ವರ್ಷದ ಒಂದೇ ಅಳತೆಯ ಸೆನ್ಸರುಗಳಲ್ಲಿ ಮರಳಿನ ವ್ಯತ್ಯಾಸ ಅಲ್ಪ. ಓಡುವವನ ಕಣ್ಣನ್ನು ಹುಡುಕಿ ಬಿಡದೆ ಹಿಡಿದುಕೊಳ್ಳುವುದರಲ್ಲಿ ಭೂಮಿ ಆಕಾಶದಷ್ಟು. ಇಲ್ಲಿ ಶಬ್ದಪ್ರಮಾಣವನ್ನು, ಅಂದರೆ ಕಂಪನಿಯ ಪುಸ್ತಿಕೆಯನ್ನು, ಕಣ್ಣುಮುಚ್ಚಿ ನಂಬಬಾರದು. 2020ರ ಕ್ಯಾನನ್ ಆರ್6 ಇವಿ ಎಂಬ ಬೆಳಕಿನ ಅಳತೆಯಲ್ಲಿ ಮೈನಸ್ 6.5ರವರೆಗೆ ಫೋಕಸ್ ಮಾಡುತ್ತದೆಂದು ಬರೆದಿದ್ದಾರೆ. ಅದು ಎಫ್/1.2 ಲೆನ್ಸಿನ ಮಾತು ಎಂಬುದು ಕೆಳಗೆ ಸಣ್ಣಕ್ಷರದಲ್ಲಿದೆ. ಹುಣ್ಣಿಮೆಯ ಬೆಳದಿಂಗಳೇ ಸುಮಾರು ಮೈನಸ್ 2, 3 ಇವಿ. ಮೈನಸ್ 6.5ರ ಕತ್ತಲೆಯಲ್ಲಿ ಈ ಸೀಮೆಯಲ್ಲಿ ಓಡಾಡುವವು ಆನೆಗಳು ಮಾತ್ರ, ಅವು ಕಬಡ್ಡಿ ಆಡುವುದಿಲ್ಲ.

ಆನೆಯ ಪ್ರಸ್ತಾಪ ಬಂದದ್ದರಿಂದ ಒಂದು ಉಪಕಥೆ ಹೇಳಲೇಬೇಕು. ಮದುಕ್ಕರೈ ಸೀಮೆಯಲ್ಲಿ ಮಂದ ಬೆಳಕಿಗೆ ಅತ್ಯುತ್ತಮ ಕ್ಯಾಮೆರಾ ಆರಿಸಿದವರು ಯಾವ ಛಾಯಾಗ್ರಾಹಕರೂ ಅಲ್ಲ, ತಮಿಳುನಾಡಿನ ಅರಣ್ಯ ಇಲಾಖೆಯವರು. ಎಟ್ಟಿಮಡೈ, ವಾಳಯಾರ್ ಕಡೆಯ ರೈಲುಹಳಿ ಕಾಡಿನ ನಡುವೆ ಹೋಗುತ್ತದೆ. 2021ರ ನವೆಂಬರಿನಲ್ಲಿ ನವಕ್ಕರೈ ಹತ್ತಿರ ಒಂದೇ ರಾತ್ರಿ ಮೂರು ಆನೆಗಳು ರೈಲಿಗೆ ಸಿಕ್ಕಿ ಸತ್ತವು. 2024ರ ಫೆಬ್ರುವರಿಯಲ್ಲಿ ಹಳಿಯುದ್ದಕ್ಕೂ 12 ಗೋಪುರ ನಿಲ್ಲಿಸಿ, ಶಾಖ ಕಾಣುವ ಥರ್ಮಲ್ ಕ್ಯಾಮೆರಾಗಳನ್ನು ಕೂರಿಸಿ, ಕೃತಕ ಬುದ್ಧಿಮತ್ತೆಯಿಂದ ಆನೆಯನ್ನು ಗುರುತಿಸಿ ರೈಲಿನವರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಿದರು. ಆ ಕ್ಯಾಮೆರಾಗಳಿಗೆ ಬೆಳಕೇ ಬೇಡ, ಮೈಬಿಸಿ ಇದ್ದರಾಯಿತು. ನ್ಯಾಯ ಮೀಮಾಂಸೆಗಳೆರಡೂ ಅಲ್ಲಿ ಮೌನ. ಹಾಗಿದ್ದರೆ ಕಬಡ್ಡಿಗೂ ಅದನ್ನೇ ತಂದರಾಗದೇ ಎಂಬ ಆಸೆ ಸಹಜ. ಆದರೆ ಶಾಖದ ಚಿತ್ರದಲ್ಲಿ ಹದಿನಾಲ್ಕು ಆಟಗಾರರೂ ಬೆಳ್ಳಗೆ ಹೊಳೆಯುವ ಬೊಂಬೆಗಳು. ಜೆರ್ಸಿಯ ನಂಬರು ಕಾಣುವುದಿಲ್ಲ, ಅದಕ್ಕಿಂತ ಮುಖ್ಯವಾಗಿ ಜೆರ್ಸಿ ಕೊಡಿಸಿದ ಅಂಗಡಿಯ ಹೆಸರು ಕಾಣುವುದಿಲ್ಲ. ಪ್ರಾಯೋಜಕರ ಹೆಸರಿಲ್ಲದ ಚಿತ್ರವನ್ನು ಕಮಿಟಿಯು ಪ್ರಮಾಣವೆಂದು ಸ್ವೀಕರಿಸುವುದಿಲ್ಲ. ಆನೆಯಾದರೆ ಸಾಫ್ಟ್ ಕಾಪಿ ಕೇಳುವುದಿಲ್ಲ, ಅದೇ ವ್ಯತ್ಯಾಸ.

ಇಲ್ಲಿಯವರೆಗೆ ಹಿಂದಿನ ಆಚಾರ್ಯರೆಲ್ಲ ನಡೆದ ದಾರಿ. ಅವರಾರೂ ಮುಟ್ಟದ ಒಂದು ತತ್ತ್ವವಿದೆ, ಈ ಗ್ರಂಥ ಹುಟ್ಟಿದ್ದೇ ಅದಕ್ಕಾಗಿ. ಆ ತತ್ತ್ವದ ಹೆಸರು ಕರೆಂಟಿನವನು.

ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ಎಲ್‌ಇಡಿ ದೀಪ ಅದರ ತಾಳಕ್ಕೆ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ, 800ನೇ ಒಂದು ಸೆಕೆಂಡಿನ ಶಟರಿಗೆ ಚೆನ್ನಾಗಿ ತಿಳಿಯುತ್ತದೆ. ಒಂದು ಫ್ರೇಮು ಬೆಳ್ಳಗೆ, ಮುಂದಿನದು ಮಸುಕು, ಅದರ ಮುಂದಿನದು ಹಳದಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಾದರೆ ಇನ್ನೂ ಸೊಗಸು: ಸಾಧಾರಣ ಸೆನ್ಸರು ಫ್ರೇಮನ್ನು ಮೇಲಿನಿಂದ ಕೆಳಗೆ ಓದಿ ಮುಗಿಸುವಷ್ಟರಲ್ಲಿ ದೀಪ ಹಲವು ಸಲ ಕಣ್ಣು ಮಿಟುಕಿಸಿ, ಆಟಗಾರರ ಮೇಲೆ ಅಡ್ಡ ಪಟ್ಟೆಗಳು ಮೂಡಿರುತ್ತವೆ. ಸೋತ ತಂಡ ಜೈಲಿಗೂ ಹೋಗಿ ಬಂದಂತೆ ಕಾಣುತ್ತದೆ. 2014ರ ಕ್ಯಾನನ್ 7ಡಿ ಮಾರ್ಕ್ 2 ಈ ಮಿಟುಕನ್ನು ಅಳೆದು, ದೀಪ ಬೆಳಗಿದ ಗಳಿಗೆಗೇ ಶಟರ್ ತೆರೆಯುವುದನ್ನು ಕಲಿಯಿತು. ಆಮೇಲೆ ಬೇರೆಯವರೂ ಕಲಿತರು. 2023ರಲ್ಲಿ ಘೋಷಣೆಯಾದ ಸೋನಿ ಎ9-3 ಇಡೀ ಫ್ರೇಮನ್ನು ಒಮ್ಮೆಗೇ ಓದುವುದರಿಂದ ಪಟ್ಟೆ ಬೀಳುವುದಿಲ್ಲ. ಆದರೆ ಫ್ರೇಮಿಂದ ಫ್ರೇಮಿಗೆ ಹೊಳಪು ಏರಿಳಿಯುವ ಕಾಟ ಆ ಗ್ಲೋಬಲ್ ಶಟರಿನಿಂದಲೇ ಹೋಗುವುದಿಲ್ಲ. ಆ ಬಾಡಿಯ ಬೆಲೆಯಲ್ಲಿ ಇಡೀ ಟೂರ್ನಮೆಂಟನ್ನೇ ನಡೆಸಬಹುದು, ಊಟದ ಸಮೇತ.

ಕುಮ್ಮಿಗೆ ಈ ತೊಂದರೆ ಇಲ್ಲ. ಅಲ್ಲಿ ಶಟರನ್ನು 100ನೇ ಒಂದಕ್ಕೇ ಇಟ್ಟರೆ ದೀಪದ ಒಂದು ಪೂರ್ತಿ ಮಿಟುಕು ಒಳಗೆ ಬಂದು ಪಟ್ಟೆಯೂ ಇಲ್ಲ, ಮಸುಕೂ ಇಲ್ಲ. ಸೀರೆಯ ಸೆರಗು ಸ್ವಲ್ಪ ಹರಡುತ್ತದೆ, ಅದು ಚೆಂದವೇ. ಕಬಡ್ಡಿಗೆ ಪೂರ್ತಿ ಮದ್ದು ಕ್ಯಾಮೆರಾದೊಳಗಿಲ್ಲ, ಕಂಬದ ಬುಡದಲ್ಲಿದೆ. ಊರ ಕಮಿಟಿಯವರು ದೀಪಗಳನ್ನೆಲ್ಲ ಸಾಮಾನ್ಯವಾಗಿ ಒಂದೇ ಫೇಸಿಗೆ ಕೊಟ್ಟಿರುತ್ತಾರೆ, ಎಲ್ಲವೂ ಒಟ್ಟಿಗೇ ಕಣ್ಣು ಮಿಟುಕಿಸುತ್ತವೆ. ಅಕ್ಕಪಕ್ಕದ ದೀಪಗಳನ್ನು ಮೂರು ಫೇಸಿಗೆ ಹಂಚಿದರೆ ಒಂದು ಮಂಕಾದಾಗ ಇನ್ನೊಂದು ಬೆಳಗಿ, ಅಂಗಳದ ಬೆಳಕು ಬಹುಮಟ್ಟಿಗೆ ಸಮವಾಗುತ್ತದೆ. ದೊಡ್ಡ ಕ್ರೀಡಾಂಗಣಗಳಲ್ಲಿ ಮಾಡುವುದೂ ಇದನ್ನೇ. ಲಕ್ಷಗಟ್ಟಲೆ ಬೆಲೆಯ ಬಾಡಿ ಮಾಡಲಾರದ ಕೆಲಸವನ್ನು ಸ್ಕ್ರೂಡ್ರೈವರ್ ಹಿಡಿದವನು ಹತ್ತು ನಿಮಿಷದಲ್ಲಿ ಮಾಡುತ್ತಾನೆ. ಶಾಸ್ತ್ರದಲ್ಲಿ ಅವನಿಗೆ ಸ್ಥಾನ ಕೊಡದಿದ್ದದ್ದು ಹಿಂದಿನವರ ಜಾತಿಬುದ್ಧಿ ಎಂದೇ ನನ್ನ ಗುಮಾನಿ.

ಸಿದ್ಧಾಂತ ಇಷ್ಟೇ. ಸೆಕೆಂಡ್‌ಹ್ಯಾಂಡ್ ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿ, 20ರಿಂದ 24 ಮೆಗಾಪಿಕ್ಸೆಲ್. ಹೆಚ್ಚಿನದು ವಾಟ್ಸಾಪಿಗೆ ದಂಡ. ಮಿಟುಕು ತಪ್ಪಿಸುವ ಸೌಲಭ್ಯ ಅದರಲ್ಲಿದೆಯೇ ನೋಡಿ, ಶಟರ್ ಕೌಂಟ್ ಕೇಳಿ. ಉಳಿದ ದುಡ್ಡನ್ನು 85ರ ಎಫ್/1.8ಕ್ಕೆ ಹಾಕಿ, ಪಾಲಕ್ಕಾಡಿನ ಗಾಳಿಗೆ ಅಂಗಳದ ಕೆಮ್ಮಣ್ಣು ಏಳುವಾಗ ಅದನ್ನು ಬಿಚ್ಚಲು ಹೋಗಬೇಡಿ. ಸಂಜೆ ಆರಕ್ಕೇ ಮೈದಾನಕ್ಕೆ ಹೋಗಿ ಕರೆಂಟಿನವನಿಗೆ ಟೀ ಕೊಡಿಸಿ ಮೂರು ಫೇಸಿನ ವಿಷಯ ಮಾತಾಡಿ. ಎರಡನೆಯ ಬ್ಯಾಟರಿ ಜೇಬಿನಲ್ಲಿರಲಿ: ನೋಟೀಸಿನಲ್ಲಿ ರಾತ್ರಿ ಹತ್ತು ಎಂದು ಅಚ್ಚಾದ ಫೈನಲ್ ಒಂದು ಗಂಟೆಗೆ ಮುಂಚೆ ಶುರುವಾಗುವುದಿಲ್ಲ.